ನೋಡುವವನು ಯಾರು?

ಶ್ರಾವಣ ಮಾಸ ಬಂತೆಂದರೆ ನಮ್ಮ ಕಡೆಯ ಊರುಗಳಲ್ಲಿ ಮನೆಮನೆಗಳಲ್ಲಿ ಪ್ರವಚನಗಳು ನಡೆಯುವುದು ವಾಚಕರಿಗೆಲ್ಲ ತಿಳಿದ ಸಂಗತಿಯೇ. ಕಳೆದ ಶ್ರಾವಣದಲ್ಲಿ ಪರಿಚಿತರೊಬ್ಬರ ಕರೆಯ ಮೇರೆಗೆ ನಾವೂ ಅಂಥ ಒಂದು ಕಾರ್ಯಕ್ರಮಕ್ಕೆ ಹೋಗಿದ್ದೆವು. ಪಡಸಾಲೆಯ ತುಂಬ ಜನ ಸೇರಿದ್ದರು. ಪ್ರವಚನಕಾರರು ವಯೋವೃದ್ಧರು, ಬಹಳ ಓದಿದವರು, ಮಾತಿನಲ್ಲಿ ಸೊಗಸುಳ್ಳವರು. ಅಂದಿನ ವಿಷಯ 'ಅರಿವು' ಎಂಬುದಾಗಿತ್ತು. ಮಾತು ಸಾಗುತ್ತ ಸಾಗುತ್ತ ಅವರು ಆಧುನಿಕ ವಿಜ್ಞಾನದ ಕಡೆಗೆ ಹೊರಳಿ, ಮನಸ್ಸು ನೋಡುವುದರಿಂದಲೇ ಜಗತ್ತು ಇದೆಯೆಂದೂ, ನೋಡುವವರಿಲ್ಲದಿದ್ದರೆ ಆಕಾಶದ ಚಂದ್ರನೂ ಇಲ್ಲವೆಂದೂ, ನಮ್ಮ ಹಿರಿಯರು ಅಂದೇ ಕಂಡ ಈ ಸತ್ಯವನ್ನು ಇಂದಿನ ಕ್ವಾಂಟಂ ಭೌತಶಾಸ್ತ್ರ ಪ್ರಯೋಗದಿಂದ ಸಿದ್ಧಮಾಡಿ ತೋರಿಸಿದೆಯೆಂದೂ ಹೇಳಿದರು. ಸಭೆಯೆಲ್ಲ ತಲೆದೂಗಿತು.

ಆಗ ಹೆಣ್ಣುಮಕ್ಕಳ ಸಾಲಿನಿಂದ ಆ ಮನೆಯ ಮಗಳೊಬ್ಬಳು ಎದ್ದು ನಿಂತಳು. ಭೌತಶಾಸ್ತ್ರದಲ್ಲಿ ಎಂ.ಎಸ್‌ಸಿ. ಓದುತ್ತಿರುವ ಹುಡುಗಿ. "ಅಜ್ಜಾರ, ಹಂಗ ಸಿದ್ಧ ಮಾಡಿದ್ದು ಯಾವ ಪ್ರಯೋಗರಿ?" ಎಂದು ಕೇಳಿದಳು. ಅವಳ ಧ್ವನಿಯಲ್ಲಿ ಉದ್ಧಟತನವೇನೂ ಇರಲಿಲ್ಲ. ತಿಳಿಯಬೇಕೆಂಬ ಹಂಬಲವಷ್ಟೇ ಇತ್ತು. ಆದರೂ ಹಿರಿಯರೊಬ್ಬರು, "ಕುಂದರವಾ, ದೊಡ್ಡವರು ಮಾತಾಡೂ ಮುಂದ ನಡುವ ಬಾಯಿ ಹಾಕಬಾರದು" ಎಂದು ಗದರಿದರು. ಹುಡುಗಿ ಕುಳಿತಳು, ಪ್ರವಚನ ಮುಂದುವರಿಯಿತು. ಮುಂದಿನ ಸಾಲಿನಲ್ಲಿ ಕುಳಿತಿದ್ದ ನಾವು ಏನೂ ಅನ್ನಲಿಲ್ಲ. ಪ್ರಸಾದದ ಹೊತ್ತಿನಲ್ಲಿ ಸಾಲಿಗೆ ಬಡಿಸುತ್ತ ಬಂದ ಆಕೆ ನಮ್ಮ ಎಲೆಯ ಮುಂದೆ ಬಾಗಿ, ಬೇರೆಯವರಿಗೆ ಕೇಳಿಸದಂತೆ, "ಕಾಕಾರ, ನೀವರೆ ಒಂದು ಮಾತು ಹೇಳಬೇಕಾಗಿತ್ತಲ್ಲರಿ" ಎಂದಳು. ನಮಗೆ ಗಂಟಲಲ್ಲಿ ತುತ್ತು ಇಳಿಯಲಿಲ್ಲ.

ಆಕೆಯ ಮಾತು ನಿಜ. ವಿಷಯ ನಮಗೆ ಅಲ್ಪಸ್ವಲ್ಪ ತಿಳಿದಿತ್ತು. ಹಿರಿಯರೆದುರು ಮಾತಾಡುವ ಸಂಕೋಚ ಅದಕ್ಕಿಂತ ದೊಡ್ಡದಾಗಿತ್ತು. ಅಂದು ಆ ಪಡಸಾಲೆಯಲ್ಲಿ ಆಡದೆ ಉಳಿದ ಮಾತನ್ನು ಈ ಸಂಚಿಕೆಯಲ್ಲಿ ವಾಚಕರ ಮುಂದಿಡುತ್ತೇವೆ. ಅರಿವಿನ ವಿಷಯ ಮಾತಾಡುವ ಸ್ಥಳದಲ್ಲಿ ಅರಿಯಬೇಕೆಂದು ಕೇಳಿದವಳನ್ನು ಕೂಡಿಸಿದ ತಪ್ಪಿನಲ್ಲಿ ನಮ್ಮ ಪಾಲೂ ಇದೆ ಎಂಬ ತಿಳಿವಳಿಕೆಯಿಂದಲೇ ಇದನ್ನು ಬರೆಯುತ್ತಿದ್ದೇವೆ.

ಮೊದಲು ಪ್ರಯೋಗದ ಸಂಗತಿಯನ್ನು ನೋಡೋಣ. ಒಂದು ತೆರೆಯಲ್ಲಿ ಅತಿ ಸಮೀಪವಾದ ಎರಡು ಸೀಳುಗಂಡಿಗಳನ್ನು ಮಾಡಿ, ಅವುಗಳ ಮೂಲಕ ಬೆಳಕನ್ನು ಹಾಯಿಸಿದರೆ, ಆಚೆಯ ಪರದೆಯ ಮೇಲೆ ಬೆಳಕಿನ ಹಾಗೂ ಕತ್ತಲೆಯ ಪಟ್ಟೆಗಳು ಒಂದರ ಪಕ್ಕ ಒಂದು ಮೂಡುತ್ತವೆ. ಕೆರೆಯಲ್ಲಿ ಏಕಕಾಲಕ್ಕೆ ಎರಡು ಕಲ್ಲುಗಳನ್ನು ಒಗೆದಾಗ ಎರಡೂ ಕಡೆಯ ತೆರೆಗಳು ಕೂಡುವಲ್ಲಿ ಕೆಲವೆಡೆ ನೀರು ಎತ್ತರಕ್ಕೆ ಏಳುವುದು, ಕೆಲವೆಡೆ ಸಮನಾಗಿ ನಿಲ್ಲುವುದು ನಾವೆಲ್ಲ ಕಂಡದ್ದೇ. ಬೆಳಕು ಅಲೆಯಾಗಿರುವುದರಿಂದ ಇಲ್ಲಿಯೂ ಹಾಗೆಯೇ ಆಗುತ್ತದೆ. ಆದರೆ ಎಲೆಕ್ಟ್ರಾನೆಂಬ ವಿದ್ಯುತ್ಕಣವನ್ನು ಹೀಗೆಯೇ ಕಳಿಸಿದರೆ? 1989ರಲ್ಲಿ ಜಪಾನಿನ ಅಕಿರಾ ತೊನೊಮುರಾ ಹಾಗೂ ಅವರ ಸಂಗಡಿಗರು ಎಲೆಕ್ಟ್ರಾನುಗಳನ್ನು ಒಂದೊಂದಾಗಿ ಕಳಿಸಿ ಅವು ಬಿದ್ದ ಗುರುತುಗಳನ್ನು ಚಿತ್ರೀಕರಿಸಿದರು. ಪ್ರತಿಯೊಂದೂ ಪರದೆಯ ಮೇಲೆ ಒಂದೇ ಒಂದು ಚುಕ್ಕೆಯಾಗಿ ಬಿತ್ತು. ಮೊದಮೊದಲು ಚುಕ್ಕೆಗಳು ಚೆಲ್ಲಿದ ರಾಗಿಯಂತೆ ಗೊತ್ತುಗುರಿಯಿಲ್ಲದೆ ಕಂಡವು. ಸಾವಿರಾರು ಚುಕ್ಕೆಗಳು ಕೂಡಿದ ಮೇಲೆ ನೋಡಿದರೆ, ಅಲೆಗಳು ಮೂಡಿಸುವಂಥ ಪಟ್ಟೆಗಳೇ ಅಲ್ಲಿ ಮೂಡಿದ್ದವು! ಕಣವು ಬೀಳುವಾಗ ಚುಕ್ಕೆ. ಬೀಳುವ ಕ್ರಮದಲ್ಲಿ ಅಲೆ. ಯಾವ ಮಾರ್ಗವಾಗಿ ಹೋಯಿತೆಂಬುದನ್ನು ತಿಳಿಯುವ ಉಪಾಯವನ್ನು ಹೂಡಿದರೆ ಆ ಪಟ್ಟೆಗಳು ಮಾಯವಾಗುತ್ತವೆ.

ಈ ವಿಚಿತ್ರಕ್ಕೆ ಗಣಿತದ ಭಾಷೆಯಲ್ಲಿ ಅರ್ಥ ಹೇಳಿದವರಲ್ಲಿ ಮುಖ್ಯರಾದವರು ಜರ್ಮನಿಯ ಮ್ಯಾಕ್ಸ್ ಬಾರ್ನ್. 1926ರಲ್ಲಿ ಎರ್ವಿನ್ ಶ್ರೋಡಿಂಗರ್ ಅವರು ಕಣಗಳ ಅಲೆಗೆ ಸಮೀಕರಣವೊಂದನ್ನು ಕೊಟ್ಟಿದ್ದರು. ಆ ಅಲೆ ಯಾವುದರ ಅಲೆ ಎಂಬುದು ಮಾತ್ರ ತಿಳಿದಿರಲಿಲ್ಲ. ಅದೇ ವರ್ಷ ಬಾರ್ನ್ ಅವರು, ಅದು ನೀರಿನಂಥ ಯಾವ ವಸ್ತುವಿನ ಅಲೆಯೂ ಅಲ್ಲ, ಕಣವು ಇಂಥಲ್ಲಿ ದೊರೆಯುವ ಸಂಭವವೆಷ್ಟೆಂಬುದನ್ನು ತಿಳಿಸುವ ಅಲೆ ಎಂದು ತೋರಿಸಿದರು. ಪ್ರಕೃತಿಯ ಮೂಲದಲ್ಲಿಯೇ ಖಚಿತತೆಯ ಬದಲಾಗಿ ಸಂಭವನೀಯತೆ ಇದೆ ಎಂಬ ಈ ವಿಚಾರವನ್ನು ಆಲ್ಬರ್ಟ್ ಐನ್‌ಸ್ಟೈನ್ ಅವರು ಕೊನೆಯವರೆಗೂ ಮನಸಾರೆ ಒಪ್ಪಲಿಲ್ಲ. ದೇವರು ಪಗಡೆಯಾಡುವವನಲ್ಲವೆಂಬ ಅವರ ಪ್ರಸಿದ್ಧ ಆಕ್ಷೇಪವು 1926ರ ಡಿಸೆಂಬರಿನಲ್ಲಿ ಬಾರ್ನ್ ಅವರಿಗೇ ಬರೆದ ಪತ್ರದಲ್ಲಿದೆ. ಪ್ರವಚನಕಾರರು ಹೇಳಿದ ಚಂದ್ರನ ಮಾತಿಗೂ ಐನ್‌ಸ್ಟೈನರೇ ಮೂಲ. ತಾವು ನೋಡಿದಾಗ ಮಾತ್ರ ಚಂದ್ರನಿರುತ್ತಾನೆಂದು ನಿಜವಾಗಿ ನಂಬುತ್ತೀರಾ ಎಂದು ಅವರು ಒಮ್ಮೆ ತಮ್ಮ ಜೊತೆಗೆ ನಡೆಯುತ್ತಿದ್ದ ಸಹೋದ್ಯೋಗಿಯನ್ನು ಕೇಳಿದ್ದರು. ಹಾಗೆ ನಂಬಲಾಗದೆಂಬುದೇ ಆ ಪ್ರಶ್ನೆಯ ಹುರುಳು. ಚಂದ್ರನು ಇಲ್ಲವೆಂದು ಸಿದ್ಧಪಡಿಸಲು ಕೇಳಿದ ಪ್ರಶ್ನೆ ಅದಲ್ಲ.

ಈ ಮ್ಯಾಕ್ಸ್ ಬಾರ್ನ್ ನಮ್ಮ ನಾಡಿಗೂ ಸಂಬಂಧಪಟ್ಟವರು. ಯೆಹೂದಿ ಮೂಲದವರೆಂಬ ಕಾರಣಕ್ಕೆ 1933ರಲ್ಲಿ ನಾಜಿ ಸರ್ಕಾರ ಅವರನ್ನು ಗೊಟ್ಟಿಂಗೆನ್ ವಿಶ್ವವಿದ್ಯಾಲಯದ ಹುದ್ದೆಯಿಂದ ತೆಗೆದುಹಾಕಿತು. ದೇಶ ಬಿಟ್ಟು ಇಂಗ್ಲೆಂಡಿಗೆ ಹೋದ ಅವರನ್ನು, ಆಗ ಬೆಂಗಳೂರಿನ ಭಾರತೀಯ ವಿಜ್ಞಾನ ಮಂದಿರದ ನಿರ್ದೇಶಕರಾಗಿದ್ದ ಸರ್ ಸಿ.ವಿ. ರಾಮನ್ ಅವರು ಆಹ್ವಾನಿಸಿದರು. 1935-36ರಲ್ಲಿ ಸುಮಾರು ಆರು ತಿಂಗಳ ಕಾಲ ಬಾರ್ನ್ ದಂಪತಿಗಳು ಬೆಂಗಳೂರಿನಲ್ಲಿದ್ದರು. ಅವರನ್ನು ಇಲ್ಲಿಯೇ ಕಾಯಂ ಆಗಿ ಉಳಿಸಿಕೊಳ್ಳಬೇಕೆಂದು ರಾಮನ್ ಅವರು ಮಾಡಿದ ಯತ್ನ ಕೈಗೂಡಲಿಲ್ಲ. 1936ರಲ್ಲಿ ಅವರು ಎಡಿನ್‌ಬರೋ ವಿಶ್ವವಿದ್ಯಾಲಯಕ್ಕೆ ಹೋದರು. ಬೆಂಗಳೂರು ಬಿಟ್ಟ 18 ವರ್ಷಗಳ ಮೇಲೆ, 1954ರಲ್ಲಿ, ಅದೇ ಸಂಭವನೀಯತೆಯ ವಿವರಣೆಗಾಗಿ ಅವರಿಗೆ ನೊಬೆಲ್ ಪಾರಿತೋಷಕ ದೊರೆಯಿತು. ತಮ್ಮ ಮಾತನ್ನು ಜಗತ್ತಿನ ಅತ್ಯಂತ ದೊಡ್ಡ ವಿಜ್ಞಾನಿಯೇ ಒಪ್ಪದಿದ್ದರೂ ಬಾರ್ನ್ ಅವರು ಐನ್‌ಸ್ಟೈನರ ಸ್ನೇಹವನ್ನು ಬಿಡಲಿಲ್ಲ, ವಾದವನ್ನೂ ಬಿಡಲಿಲ್ಲ. ಅವರಿಬ್ಬರ ಪತ್ರವ್ಯವಹಾರ ನಾಲ್ಕು ದಶಕಗಳ ಕಾಲ ನಡೆಯಿತು. ಪ್ರಶ್ನೆ ಕೇಳಿದವರನ್ನು ಕೂಡಿಸುವ ಪದ್ಧತಿ ಅಲ್ಲಿರಲಿಲ್ಲ.

ಹಾಗಾದರೆ ಮನಸ್ಸು ನೋಡುವುದರಿಂದಲೇ ಜಗತ್ತು ಎಂಬ ಮಾತು ಎಲ್ಲಿಂದ ಬಂತು? ಪ್ರವಚನಕಾರರು ಅದನ್ನು ತಾವಾಗಿ ಕಟ್ಟಿ ಹೇಳಿದ್ದಲ್ಲ, ಅವರಿಗೆ ಅನ್ಯಾಯವಾಗಬಾರದು. ಅಳತೆ ಮಾಡುವ ಮುನ್ನ ಹಲವು ಸಂಭವಗಳಾಗಿರುವ ಕಣವು ಅಳತೆಯ ತರುವಾಯ ಒಂದೇ ಆಗಿ ಕಾಣುವುದು ಯಾವ ಘಟ್ಟದಲ್ಲಿ, ಯಾವುದರಿಂದ ಎಂಬುದು ಕ್ವಾಂಟಂ ಶಾಸ್ತ್ರದ ನಿಜವಾದ ತೊಡಕು. 1932ರಲ್ಲಿ ಗಣಿತಜ್ಞ ಜಾನ್ ಫಾನ್ ನಾಯ್‌ಮನ್ ಅವರು, ನೋಡುವುದಕ್ಕೂ ನೋಡಲ್ಪಡುವುದಕ್ಕೂ ನಡುವಿನ ಗೆರೆಯನ್ನು ಉಪಕರಣದ ಆಚೆಗಾಗಲಿ ಈಚೆಗಾಗಲಿ, ಕಣ್ಣು ಮಿದುಳುಗಳವರೆಗಾಗಲಿ ಸರಿಸುತ್ತ ಹೋದರೂ ಲೆಕ್ಕದಲ್ಲಿ ವ್ಯತ್ಯಾಸವಾಗದೆಂದು ತೋರಿಸಿದರು. 1961ರಲ್ಲಿ ಯೂಜೀನ್ ವಿಗ್ನರ್ ಅವರು ಇನ್ನೂ ಮುಂದೆ ಹೋಗಿ, ಆ ಗೆರೆ ಕೊನೆಗೆ ನಿಲ್ಲುವುದು ಪ್ರಜ್ಞೆಯಲ್ಲಿಯೇ ಇರಬೇಕೆಂದು ಸೂಚಿಸಿದರು. ಎರಡು ವರ್ಷಗಳ ತರುವಾಯ ನೊಬೆಲ್ ಪಾರಿತೋಷಕ ಪಡೆದ ದೊಡ್ಡ ವಿಜ್ಞಾನಿ ಅವರು. ಅವರ ಮಾತಿಗೆ ತೂಕವಿತ್ತು. ಅಲ್ಲಿಂದ ಮುಂದೆ ಅದು ಪುಸ್ತಕದಿಂದ ಪುಸ್ತಕಕ್ಕೆ ಹಾದು, 'ಸೂಚಿಸಿದರು' ಎಂಬುದು 'ಹೇಳಿದರು' ಎಂದಾಗಿ, 'ಹೇಳಿದರು' ಎಂಬುದು 'ಸಿದ್ಧಮಾಡಿದರು' ಎಂದಾಗಿ ನಮ್ಮ ಪಡಸಾಲೆಗಳನ್ನೂ ತಲುಪಿತು.

ಆದರೆ ಕಥೆ ಅಲ್ಲಿಗೆ ಮುಗಿಯಲಿಲ್ಲ. ಜರ್ಮನಿಯ ಡೀಟರ್ ಜೇ ಎಂಬ ವಿಜ್ಞಾನಿ 1970ರಲ್ಲಿ ಬೇರೊಂದು ದಾರಿಯನ್ನು ತೋರಿಸಿದರು. ಯಾವ ವಸ್ತುವೂ ಏಕಾಂಗಿಯಾಗಿ ಇರುವುದಿಲ್ಲ. ಗಾಳಿಯ ಕಣಗಳು ಅದಕ್ಕೆ ತಾಗುತ್ತವೆ, ಬೆಳಕು ಬಡಿಯುತ್ತದೆ, ಅದರಿಂದ ಶಾಖ ಹೊಮ್ಮುತ್ತದೆ. ಈ ಒಂದೊಂದು ಸ್ಪರ್ಶದಲ್ಲಿಯೂ ವಸ್ತುವಿನ ಇರವಿನ ಸುಳಿವು ಹೊರಗೆ ಸೋರಿಹೋಗಿ, ಅಲೆಯ ಗುಣ ಮರೆಯಾಗುತ್ತದೆ. ಇದಕ್ಕೆ ಮನುಷ್ಯನ ಕಣ್ಣು ಬೇಕಿಲ್ಲ. ಸ್ವತಃ ವಿಗ್ನರ್ ಅವರೇ ಈ ವಿಚಾರವನ್ನು ತೂಗಿನೋಡಿ ಮುಂದೆ ತಮ್ಮ ಹಳೆಯ ಅಭಿಪ್ರಾಯವನ್ನು ಕೈಬಿಟ್ಟರು. ವಿಗ್ನರರ ಮೊದಲ ಮಾತನ್ನು ಹೇಳುವವರು ಎರಡನೆಯ ಮಾತನ್ನು ಹೇಳುವುದು ವಿರಳ.

ಇದು ಬರಿಯ ತರ್ಕವಲ್ಲ, ಪ್ರಯೋಗದಲ್ಲಿಯೂ ಕಂಡದ್ದು. ಆಸ್ಟ್ರಿಯಾದ ವಿಯೆನ್ನಾದಲ್ಲಿ ವಿಜ್ಞಾನಿಗಳು 1999ರಲ್ಲಿ 60 ಇಂಗಾಲದ ಪರಮಾಣುಗಳು ಕೂಡಿದ ಅಣುಗಳೂ ಅಲೆಗಳಂತೆ ಪಟ್ಟೆಗಳನ್ನು ಮೂಡಿಸುತ್ತವೆಂದು ತೋರಿಸಿದ್ದರು. 2004ರಲ್ಲಿ ಅವರು 70 ಪರಮಾಣುಗಳ ಅಣುಗಳನ್ನು ಲೇಸರ್ ಕಿರಣದಿಂದ ಕಾಯಿಸಿ ಹಾರಿಬಿಟ್ಟರು. ಕಾವು ಏರಿದಂತೆಲ್ಲ ಅಣುಗಳು, ಕುಲುಮೆಯಲ್ಲಿ ಕಾದ ಕಬ್ಬಿಣದಂತೆ, ತಾವಾಗಿ ಬೆಳಕನ್ನು ಸೂಸತೊಡಗಿದವು. ಸೂಸಿದ ಆ ಬೆಳಕಿನಲ್ಲಿ ಅಣು ಎಲ್ಲಿದೆಯೆಂಬ ಸುಳಿವಿತ್ತು. ಆ ಬೆಳಕನ್ನು ಯಾರೂ ಹಿಡಿಯಲಿಲ್ಲ, ಯಾರೂ ನೋಡಲಿಲ್ಲ. ಅದು ಪಾತ್ರೆಯ ಗೋಡೆಗೆ ತಾಗಿ ಅಲ್ಲಿಯೇ ಇಂಗಿತು. ಆದರೂ ಕಾವು ಏರಿದಂತೆ ಪಟ್ಟೆಗಳು ಮಸುಕಾಗುತ್ತ ಬಂದು ಕಡೆಗೆ ಅಳಿಸಿಹೋದವು. ಅಂದಮೇಲೆ ಭೌತಶಾಸ್ತ್ರಜ್ಞರು 'ವೀಕ್ಷಕ' ಎಂದು ಕರೆಯುವುದು ನಾವು ನೀವು ತಿಳಿದಂಥ ಮನಸ್ಸುಳ್ಳ ವ್ಯಕ್ತಿಯನ್ನಲ್ಲ. ಗೋಡೆಯೂ ಅವರಿಗೆ ವೀಕ್ಷಕನೇ.

ಇದೇ ರೀತಿ ಇನ್ನೊಂದು ಮಾತನ್ನೂ ನಾವು ಆಗಾಗ ಕೇಳುತ್ತೇವೆ. ಒಮ್ಮೆ ಹೆಣೆದುಕೊಂಡ ಎರಡು ಕಣಗಳು ಎಷ್ಟು ದೂರ ಹೋದರೂ ಒಂದರ ಅಳತೆಗೂ ಇನ್ನೊಂದರ ಅಳತೆಗೂ ನಂಟು ಉಳಿದಿರುತ್ತದೆಂಬುದು ನಿಜ. 1964ರಲ್ಲಿ ಜಾನ್ ಬೆಲ್ ಅವರು ಈ ನಂಟನ್ನು ಪರೀಕ್ಷಿಸುವ ದಾರಿ ತೋರಿಸಿದರು. ಅದನ್ನು ಪ್ರಯೋಗಗಳಲ್ಲಿ ಕಂಡುಕೊಟ್ಟ ಅಲೆನ್ ಆಸ್ಪೆ, ಜಾನ್ ಕ್ಲಾಸರ್, ಆಂಟನ್ ಝೈಲಿಂಗರ್ ಅವರಿಗೆ 2022ರ ನೊಬೆಲ್ ಪಾರಿತೋಷಕ ಬಂದಿತು. ಇದರಿಂದ ವಿಚಾರಗಳು ಮನಸ್ಸಿನಿಂದ ಮನಸ್ಸಿಗೆ ಹಾರುತ್ತವೆಂದು ಕೆಲವರು ಹೇಳುತ್ತಾರೆ. ಆದರೆ ಈ ನಂಟಿನ ಮೂಲಕ ಒಂದು ಅಕ್ಷರದಷ್ಟು ಸಂದೇಶವನ್ನೂ ಕಳಿಸಲು ಬಾರದೆಂದು ಅದೇ ಶಾಸ್ತ್ರ ಹೇಳುತ್ತದೆ. ಎರಡೂ ಕಡೆಯ ಫಲಿತಾಂಶಗಳನ್ನು ತಂದು ಎದುರುಬದುರಾಗಿ ಇಟ್ಟು ನೋಡಿದಾಗಲೇ ಆ ನಂಟು ಕಾಣುವುದು.

ಹಾಗೆಂದು ಎಲ್ಲವೂ ಬಗೆಹರಿಯಿತೆಂದು ಹೇಳಲಾಗದು. ಹಲವು ಸಂಭವಗಳಲ್ಲಿ ಒಂದೇ ಏಕೆ ನಮ್ಮ ಅನುಭವಕ್ಕೆ ಬರುತ್ತದೆಂಬುದರ ಬಗ್ಗೆ ವಿಜ್ಞಾನಿಗಳಲ್ಲಿ ಇಂದಿಗೂ ಒಮ್ಮತವಿಲ್ಲ. ಸಂಭವಗಳೆಲ್ಲವೂ ಬೇರೆಬೇರೆ ಲೋಕಗಳಾಗಿ ಉಳಿಯುತ್ತವೆನ್ನುವವರಿದ್ದಾರೆ. ಕಣಕ್ಕೆ ದಾರಿತೋರುವ ಅಲೆಯೊಂದು ಪ್ರತ್ಯೇಕವಾಗಿದೆಯೆನ್ನುವವರಿದ್ದಾರೆ. ಪ್ರಜ್ಞೆಯ ಪಕ್ಷವನ್ನು ಹಿಡಿದವರೂ ಕೆಲವರು ಉಳಿದಿದ್ದಾರೆ. ಆದ್ದರಿಂದ ನ್ಯಾಯವಾದ ಮಾತೆಂದರೆ ಇಷ್ಟೇ: ಮನಸ್ಸೇ ಜಗತ್ತನ್ನು ಉಂಟುಮಾಡುತ್ತದೆಂದು ಭೌತಶಾಸ್ತ್ರ ಸಿದ್ಧಮಾಡಿಲ್ಲ. ಹುಡುಗಿ ಕೇಳಿದ 'ಯಾವ ಪ್ರಯೋಗ' ಎಂಬ ಪ್ರಶ್ನೆಗೆ, ಅಂಥ ಪ್ರಯೋಗವಿಲ್ಲವೆಂಬುದೇ ಸರಿಯಾದ ಉತ್ತರ.

ಇಷ್ಟು ಓದಿದ ಮೇಲೆ ಕೆಲವು ವಾಚಕರಿಗೆ ಮನಸ್ಸು ಕುಂದಬಹುದು. ಹಾಗಾದರೆ ಪ್ರಜ್ಞೆಯೆಂಬುದು ಏನೂ ಅಲ್ಲವೇ? ಎಲ್ಲವೂ ಜಡವೇ? ಈ ಪ್ರಶ್ನೆಗೆ ಉತ್ತರವಾಗಿ ನಾವು ಶ್ರೋಡಿಂಗರರ ವಿಚಾರವನ್ನೇ ನೆನೆಯುತ್ತೇವೆ. ಕ್ವಾಂಟಂ ಶಾಸ್ತ್ರದ ಮೂಲ ಸಮೀಕರಣವನ್ನು ಕೊಟ್ಟ ಈ ವಿಜ್ಞಾನಿ ಯೌವನದಿಂದಲೂ ಉಪನಿಷತ್ತಿನ ವಿಚಾರಗಳಿಗೆ ಮಾರುಹೋದವರು. ಎಲ್ಲ ಜೀವಿಗಳ ಒಳಗಿನ ಪ್ರಜ್ಞೆ ಮೂಲದಲ್ಲಿ ಒಂದೇ ಎಂಬುದು ಅವರ ದೃಢವಾದ ನಂಬಿಕೆಯಾಗಿತ್ತು. 1944ರಲ್ಲಿ ಪ್ರಕಟವಾದ ಜೀವದ ಸ್ವರೂಪವನ್ನು ಕುರಿತ ಪುಸ್ತಕದ ಕೊನೆಯಲ್ಲಿ ಅವರು ಇದನ್ನು ಬರೆದರು. ಬರೆಯುವಾಗ, ಇದು ತಮ್ಮ ಸ್ವಂತ ದರ್ಶನವೆಂದು ಬೇರ್ಪಡಿಸಿಯೇ ಬರೆದರು. ತಮ್ಮ ಸಮೀಕರಣವನ್ನು ಅದಕ್ಕೆ ಸಾಕ್ಷಿಯಾಗಿ ನಿಲ್ಲಿಸಲಿಲ್ಲ. ಆ ಸಮೀಕರಣವನ್ನು ಹಾಗೆ ಬಳಸುವ ಅಧಿಕಾರ ಯಾರಿಗಾದರೂ ಇದ್ದಿದ್ದರೆ ಅದು ಅವರಿಗೇ ಇತ್ತು. ಈ ಸಂಯಮ ನಮಗೆ ಆದರ್ಶವಾಗಬೇಕು.

1958ರಲ್ಲಿ ಪ್ರಕಟವಾದ ಇನ್ನೊಂದು ಪುಸ್ತಕದಲ್ಲಿ ಅವರು ಅದಕ್ಕಿಂತ ಆಳವಾದ ಸಂಗತಿಯನ್ನು ವಿವರಿಸಿದ್ದಾರೆ. ವಿಜ್ಞಾನವು ಜಗತ್ತಿನ ಚಿತ್ರವನ್ನು ಬಿಡಿಸುವಾಗ ನೋಡುವವನನ್ನು ಮೊದಲೇ ಚಿತ್ರದಿಂದ ಹೊರಗಿಡುತ್ತದೆ. ನಿನಗೆ ಚಳಿ, ನನಗೆ ಸೆಕೆ ಎಂಬ ಭೇದವನ್ನು ಬದಿಗಿಟ್ಟು ಉಷ್ಣಮಾಪಕ ತೋರಿಸುವ ಅಂಕಿಯನ್ನು ಮಾತ್ರ ಬರೆದುಕೊಳ್ಳುತ್ತದೆ. ಹೀಗೆ ಮಾಡಿದ್ದರಿಂದಲೇ ಅದಕ್ಕೆ ಎಲ್ಲರೂ ಒಪ್ಪುವ ಸತ್ಯಗಳು ದೊರೆತವು. ಆದರೆ ಚಿತ್ರ ಪೂರ್ತಿಯಾದ ಮೇಲೆ ಅದರಲ್ಲಿ ನೋಡುವವನು ಎಲ್ಲಿದ್ದಾನೆಂದು ಹುಡುಕಿದರೆ ಸಿಗುವುದೆಂತು? ಹೊರಗಿಟ್ಟವರು ನಾವೇ. ಮದುವೆಯ ಭಾವಚಿತ್ರಗಳಲ್ಲಿ ಊರಿನವರೆಲ್ಲ ಇದ್ದು ಭಾವಚಿತ್ರ ತೆಗೆದವನೊಬ್ಬನೇ ಕಾಣಿಸದಿದ್ದರೆ, ಅವನು ಮದುವೆಗೆ ಬಂದೇ ಇರಲಿಲ್ಲವೆಂದು ಯಾರೂ ಹೇಳುವುದಿಲ್ಲ.

ಈ ಕೊರತೆಯನ್ನು ಇಂದಿನ ವಿಜ್ಞಾನವೂ ಬಲ್ಲದು. ನಮ್ಮ ಮಿದುಳಿನಲ್ಲಿ ಸುಮಾರು 8600 ಕೋಟಿ ನರಕೋಶಗಳಿವೆ. ಕೆಂಪು ಬಣ್ಣ ಕಂಡಾಗ ಯಾವ ಭಾಗ ಚುರುಕಾಗುತ್ತದೆ, ನೋವಾದಾಗ ಯಾವ ಸಂಕೇತ ಎಲ್ಲಿಗೆ ಓಡುತ್ತದೆ ಎಂಬುದು ಬಹುಮಟ್ಟಿಗೆ ತಿಳಿದಿದೆ. ಆದರೆ ಈ ಓಡಾಟದ ಜೊತೆಗೆ 'ಕೆಂಪು' ಎಂಬ ಅನುಭವ, 'ನೋವು' ಎಂಬ ಅನುಭವ ಏಕೆ ಇದೆ? ಯಂತ್ರದಂತೆ ಎಲ್ಲವೂ ಕತ್ತಲೆಯಲ್ಲಿಯೇ ಏಕೆ ನಡೆಯುವುದಿಲ್ಲ? 1990ರ ದಶಕದಲ್ಲಿ ಡೇವಿಡ್ ಚಾಮರ್ಸ್ ಎಂಬ ತತ್ತ್ವಜ್ಞರು ಇದನ್ನೇ ಪ್ರಜ್ಞೆಯ ಕಠಿಣ ಸಮಸ್ಯೆಯೆಂದು ಕರೆದರು. ಪ್ರಜ್ಞೆಗೆ ಆಧಾರವಾದ ನರಕೋಶಗಳ ಗುರುತನ್ನು 25 ವರ್ಷಗಳಲ್ಲಿ ಸ್ಪಷ್ಟವಾಗಿ ಕಂಡುಹಿಡಿಯಲಾಗುವುದೆಂದು ನರವಿಜ್ಞಾನಿ ಕ್ರಿಸ್ಟೋಫ್ ಕಾಖ್ ಅವರು 1998ರಲ್ಲಿ ಚಾಮರ್ಸರೊಡನೆ ಪಂದ್ಯ ಕಟ್ಟಿದ್ದರು. ಅವಧಿ ಮುಗಿದ 2023ರಲ್ಲಿ, ನ್ಯೂಯಾರ್ಕಿನ ಸಭೆಯೊಂದರಲ್ಲಿ, ಕಾಖ್ ಅವರು ಸೋಲನ್ನು ಒಪ್ಪಿಕೊಂಡು ಪಂದ್ಯದ ಪಣವನ್ನು ಎಲ್ಲರೆದುರು ಸಲ್ಲಿಸಿದರು. ತಿಳಿಯದಿದ್ದುದನ್ನು ತಿಳಿಯದೆಂದು ತುಂಬಿದ ಸಭೆಯಲ್ಲಿ ಹೇಳುವುದಕ್ಕೆ ದೊಡ್ಡ ಮನಸ್ಸು ಬೇಕು. ಅಂದು ಪಡಸಾಲೆಯಲ್ಲಿ ನಮಗೆ ಸಾಲದೆ ಬಂದದ್ದು ಅದೇ ಮನಸ್ಸು.

ಇನ್ನು ವಿಶ್ವದ ಮಾತು. ಇದರ ವಯಸ್ಸು ಸುಮಾರು 1380 ಕೋಟಿ ವರ್ಷಗಳೆಂದು ಖಗೋಳ ವಿಜ್ಞಾನ ಲೆಕ್ಕ ಹಾಕಿದೆ. ನಾವು ಬಲ್ಲ ಪದಾರ್ಥ, ಅಂದರೆ ಮಣ್ಣು ನೀರು ನಕ್ಷತ್ರಗಳೆಲ್ಲ ಕೂಡಿಯೂ, ಒಟ್ಟು ವಿಶ್ವದಲ್ಲಿ ನೂರಕ್ಕೆ 5 ಪಾಲು ಮಾತ್ರ. ಸುಮಾರು 27 ಪಾಲು ಕಪ್ಪುದ್ರವ್ಯ, 68 ಪಾಲು ಕಪ್ಪುಶಕ್ತಿ. ಇವೆರಡೂ ಏನೆಂಬುದು ಇನ್ನೂ ತಿಳಿದಿಲ್ಲ. ನಮ್ಮ ಎಲುಬಿನ ಸುಣ್ಣ, ನೆತ್ತರಿನ ಕಬ್ಬಿಣ ಇವು ಸೂರ್ಯನು ಹುಟ್ಟುವ ಮೊದಲೇ ಬಾಳಿ ಅಳಿದ ನಕ್ಷತ್ರಗಳಲ್ಲಿ ಬೆಂದು ಸಿದ್ಧವಾದವು. ಆ ನಕ್ಷತ್ರಗಳ ಕಾಲದಲ್ಲಿ ನೋಡಲು ನಾವಾರೂ ಇರಲಿಲ್ಲ. ಆದರೂ ಅವು ಉರಿದವು, ಆದ್ದರಿಂದಲೇ ನಾವಿದ್ದೇವೆ. ಇಷ್ಟೆಲ್ಲದರ ಅರ್ಥವೇನೆಂದು ಸಮೀಕರಣಗಳನ್ನು ಕೇಳಿದರೆ ಅವು ಉತ್ತರಿಸುವುದಿಲ್ಲ. ಭೌತವಿಜ್ಞಾನಿ ಸ್ಟೀವನ್ ವೈನ್‌ಬರ್ಗ್ ಅವರು ವಿಶ್ವದ ಆದಿಯನ್ನು ಕುರಿತ ತಮ್ಮ 1977ರ ಪುಸ್ತಕದ ಕೊನೆಯಲ್ಲಿ, ತಮಗೆ ಅದರಲ್ಲಿ ಯಾವ ಉದ್ದೇಶವೂ ಗೋಚರಿಸದೆಂದು ಬರೆದರು. ಆದರೂ ಅದನ್ನು ತಿಳಿಯಲು ಪಡುವ ಪ್ರಯತ್ನ ಮನುಷ್ಯನ ಬಾಳಿಗೆ ಘನತೆ ತರುತ್ತದೆಂದೂ ಸೇರಿಸಿದರು. ಆಸ್ತಿಕರಾದ ನಾವು ಅವರ ಮೊದಲ ಮಾತನ್ನು ಒಪ್ಪಲಿಕ್ಕಿಲ್ಲ. ಎರಡನೆಯ ಮಾತಿಗೆ ಕೈಮುಗಿಯಲು ಅಡ್ಡಿಯೇನಿದೆ?

ನಮ್ಮ ಮನೆಗಳಲ್ಲಿ ಬಯಲು, ಶೂನ್ಯ, ಅರಿವು ಎಂಬ ಮಾತುಗಳು ಹುಟ್ಟಿನಿಂದ ಕಿವಿಗೆ ಬಿದ್ದವು. ಶೂನ್ಯವೆಂದರೆ ವಿಜ್ಞಾನಿಗಳ ನಿರ್ವಾತವೇ, ಬಯಲೆಂದರೆ ಕ್ವಾಂಟಂ ಕ್ಷೇತ್ರವೇ ಎಂದು ಸಮೀಕರಿಸಿ ಬರೆಯುವ ಆಸೆ ಸಹಜವಾದದ್ದು. ಅದರಲ್ಲಿರುವ ಅಪಾಯವನ್ನು ಒಂದು ಹಳೆಯ ನಿದರ್ಶನದಿಂದ ಹೇಳುತ್ತೇವೆ. ಹತ್ತೊಂಬತ್ತನೆಯ ಶತಮಾನದಲ್ಲಿ, ಬೆಳಕಿನ ಅಲೆಗಳನ್ನು ಹೊರಲು ವಿಶ್ವದ ತುಂಬ ಈಥರ್ ಎಂಬ ಸೂಕ್ಷ್ಮ ವಸ್ತುವಿದೆಯೆಂದು ವಿಜ್ಞಾನಿಗಳು ತಿಳಿದಿದ್ದರು. ನಮ್ಮ ಪಂಚಭೂತಗಳಲ್ಲಿ ಹೇಳಿದ ಆಕಾಶವೇ ಅದು, ನಮ್ಮ ಶಾಸ್ತ್ರವನ್ನು ವಿಜ್ಞಾನ ಒಪ್ಪಿಕೊಂಡಿತು ಎಂದು ಬರೆದು ಸಂತೋಷಪಟ್ಟವರು ಆಗ ಬಹುಮಂದಿ. 1887ರಲ್ಲಿ ಮೈಕೆಲ್‌ಸನ್ ಹಾಗೂ ಮೋರ್ಲಿ ಎಂಬವರ ಪ್ರಯೋಗದಲ್ಲಿ ಈಥರಿನ ಸುಳಿವು ಸಿಗಲಿಲ್ಲ. 1905ರಲ್ಲಿ ಐನ್‌ಸ್ಟೈನರ ಸಾಪೇಕ್ಷತಾ ಸಿದ್ಧಾಂತ ಬಂದಮೇಲೆ ಅದರ ಅಗತ್ಯವೇ ಉಳಿಯಲಿಲ್ಲ. ಈಥರ್ ಹೋಯಿತು. ಅದರ ಹೆಗಲ ಮೇಲೆ ಕೂಡಿಸಿದ್ದ ವಾದಗಳ ಗತಿ ಏನಾಯಿತು?

ವಿಜ್ಞಾನವು ತಿದ್ದಿಕೊಳ್ಳುತ್ತ ನಡೆಯುವುದು. ಅದೇ ಅದರ ಬಲ. ಅದು ಇಂದು ಹೇಳಿದ್ದನ್ನು ನಾಳೆ ತಿದ್ದಿದರೆ ಅದಕ್ಕೆ ಅವಮಾನವಿಲ್ಲ. ಆದರೆ ಅದರಿಂದ ಸಾಕ್ಷಿಪತ್ರವನ್ನು ಕಡ ತಂದು ಗೋಡೆಗೆ ತೂಗಹಾಕಿದವರಿಗೆ ಅವಮಾನವಿದೆ. ಅರಿವೆಂಬುದನ್ನು ಬಾಳಿ ತಿಳಿದ ನಮ್ಮ ಹಿರಿಯರು ಯಾವ ಪ್ರಯೋಗಶಾಲೆಯ ಒಪ್ಪಿಗೆಗೂ ಕಾಯ್ದವರಲ್ಲ. ಅವರ ಅನುಭಾವಕ್ಕೆ ಒರೆಗಲ್ಲು ಅವರ ನಡೆಯೇ ಆಗಿತ್ತು. ನಡೆಯನ್ನು ಬಿಟ್ಟು, ಎಲೆಕ್ಟ್ರಾನನ್ನು ತೋರಿಸಿ ನಾವು ದೊಡ್ಡವರೆನ್ನುವುದು ಅವರಿಗೂ ಗೌರವವಲ್ಲ, ಎಲೆಕ್ಟ್ರಾನಿನ ಹಿಂದೆ ಆಯುಷ್ಯ ಸವೆಸಿದವರಿಗೂ ಗೌರವವಲ್ಲ. ಇನ್ನೊಂದು ಕಾರಣವೂ ಇದೆ. ಮನೆಯ ಮಕ್ಕಳು ಇಂದು ಈ ಶಾಸ್ತ್ರಗಳನ್ನು ಓದುತ್ತಿದ್ದಾರೆ. ಪಡಸಾಲೆಯಲ್ಲಿ ಕೇಳಿದ ಒಂದು ಮಾತು ಕಾಲೇಜಿನಲ್ಲಿ ಸುಳ್ಳೆಂದು ತಿಳಿದ ದಿನ, ಅದರ ಜೊತೆಯಲ್ಲಿ ಕೇಳಿದ ನೂರು ಸತ್ಯದ ಮಾತುಗಳನ್ನೂ ಅವರು ಅನುಮಾನದಿಂದ ನೋಡುವರು. ಆ ನಷ್ಟ ಹುಡುಗರದಲ್ಲ, ನಮ್ಮದು.

ಈ ವಿಚಾರವನ್ನೆಲ್ಲ ನಾವು ಆ ಹುಡುಗಿಗೆ ಪತ್ರ ಬರೆದು ತಿಳಿಸಿ, ಸುಮ್ಮನಿದ್ದುದಕ್ಕೆ ಕ್ಷಮೆಯನ್ನೂ ಕೇಳಿದೆವು. ಪ್ರವಚನಕಾರರನ್ನೂ ಕಂಡು ವಿಷಯ ಹೇಳಿದೆವು. ಅವರು ಸ್ವಲ್ಪ ಹೊತ್ತು ಮೌನವಾಗಿದ್ದು, "ನಾ ಓದಿದ್ದು ಹಳೇ ಪುಸ್ತಕರಿ. ಆ ಕೂಸಿಗೇ ಹೇಳಾಕ ಹೇಳ್ರಿ, ನಾನೂ ಕೇಳತೀನಿ" ಎಂದರು. ಅವರ ಮೇಲಿನ ನಮ್ಮ ಗೌರವ ಅಂದು ಇಮ್ಮಡಿಯಾಯಿತು. ಶ್ರಾವಣ ಮುಗಿಯುವ ಮೊದಲೇ ಅದೇ ಪಡಸಾಲೆಯಲ್ಲಿ ಜನ ಕೂಡಿದರು. ಹುಡುಗಿ ದೀಪಗಳನ್ನು ಆರಿಸಿ, ಅಂಗಡಿಯಲ್ಲಿ ಸಿಗುವ ಕೆಂಪು ಲೇಸರ್ ದೀಪವೊಂದನ್ನು ಮೇಜಿನ ಮೇಲೆ ಭದ್ರವಾಗಿರಿಸಿ, ಅದರ ಬೆಳಕು ಯಾರ ಕಣ್ಣಿಗೂ ಬೀಳದಂತೆ ನೋಡಿಕೊಂಡು, ತಲೆಯ ಒಂದು ಕೂದಲನ್ನು ಕಿರಣಕ್ಕೆ ಅಡ್ಡವಾಗಿ ಹಿಡಿಯಲು ಪ್ರವಚನಕಾರರಿಗೇ ಕೊಟ್ಟಳು. ಹತ್ತಡಿ ದೂರದ ಗೋಡೆಯ ಮೇಲೆ ಒಂದೇ ಚುಕ್ಕೆಯಾಗಿದ್ದ ಬೆಳಕು ಎಡಬಲಕ್ಕೆ ಹರಡಿ, ಬೆರಳಗಲಕ್ಕೆ ಒಂದರಂತೆ ಸಾಲಾಗಿ ಮಿನುಗಿತು. ಸಭೆಯಲ್ಲಿ ಒಮ್ಮೆಲೆ ಉದ್ಗಾರ ಎದ್ದಿತು. ಕೂದಲಿನ ಎರಡೂ ಮಗ್ಗುಲಿನಿಂದ ಹೊರಟ ಅಲೆಗಳು ಕೂಡಿ ಹೀಗಾಗುತ್ತದೆಂದು ಹುಡುಗಿ ವಿವರಿಸಿದಳು.

ಮೂಲೆಯಲ್ಲಿ ಕುಳಿತಿದ್ದ ಅವಳ ಅಜ್ಜಿ, "ನಾವು ಯಾರೂ ನೋಡದಿದ್ದರೂ ಹಿಂಗ ಬೀಳತೈತೇನವಾ ಇದು?" ಎಂದು ಕೇಳಿದರು.

"ಬಿದ್ದೇ ಬೀಳತೈತಿ ಆಯಿ. ಆದರ ಅದು ನಮಗ ಕೆಂಪಗ ಕಾಣೋದು ಹೆಂಗ ಅನ್ನೋದು ಮಾತ್ರ ಇನ್ನೂ ಯಾರಿಗೂ ಪೂರ್ತಿ ತಿಳಿದಿಲ್ಲ" ಎಂದಳು ಹುಡುಗಿ.

ಪ್ರವಚನಕಾರರು ಕೂದಲನ್ನು ಹಿಡಿದ ಕೈಯನ್ನು ಇಳಿಸಲಿಲ್ಲ. ಗೋಡೆಯ ಕಡೆಗೆ ನೋಡುತ್ತಲೇ, "ಅದನ್ನ ಇನ್ನೊಮ್ಮೆ ಹೇಳವಾ" ಎಂದರು. ಕತ್ತಲೆಯ ಪಡಸಾಲೆಯಲ್ಲಿ ಹುಡುಗಿ ಇನ್ನೊಮ್ಮೆ ಹೇಳಿದಳು. ಈ ಸಲ ಅವಳನ್ನು ಕುಳಿತುಕೊಳ್ಳೆಂದು ಯಾರೂ ಅನ್ನಲಿಲ್ಲ.